ಮೂವತ್ತೊಂದನೇ ಬೆಣ್ಣೆ

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಜಂಬದಿಂದ ಹೇಳುತ್ತಿದ್ದೆ: ಬೆಣ್ಣೆಯಲ್ಲದ ಬೆಣ್ಣೆ ಮಾಡುತ್ತೇನೆ. ಈಗ ‘ಬಿಡದಿಯ ಒಂದು ಕಂಪನಿಯಲ್ಲಿ ಲ್ಯಾಬ್ ಕೆಲಸ’ ಅಂದು ಸುಮ್ಮನಾಗುತ್ತೇನೆ. ಅದಕ್ಕಿಂತ ಹೆಚ್ಚು ಕೆದಕಿದರೆ ಸಿಡುಕುತ್ತೇನೆ. ಸಿಡುಕು ನನಗೆ ಹುಟ್ಟಿನಿಂದ ಬಂದದ್ದು. ‘ಮೂಗಿನ ತುದೀಲೇ ಕುಂತಿರ್ತದೆ ಇವಳ ಕ್ವಾಪ’ ಅಂತ ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಕೆಲಸ ಕೇಳುವುದಕ್ಕೆ ದೊಡ್ಡದು, ಮಾಡುವುದು ಗಂಜಿ ಕಾಯಿಸಿದ ಹಾಗೆ. ಹುಣಸೆ ಬೀಜ, ರಾಗಿ, ಕಡಲ ಪಾಚಿ, ರೇಷ್ಮೆ ಗೂಡಿನ ಅಂಟು, ಇಂಥವುಗಳಲ್ಲೆಲ್ಲ ಉದ್ದುದ್ದ ಸರಪಳಿಯಂಥ ಅಣುಗಳಿರುತ್ತವೆ. ಅವು ತಮ್ಮ ತೂಕದ ಎಷ್ಟೋ ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹದವಾಗಿ ಕಾಯಿಸಿ, ಕಡೆದು, ತಣಿಸಿದರೆ ಆ ನೀರು ನೀರಿನ ಹಾಗಿರುವುದನ್ನು ಬಿಟ್ಟು ಕೊಬ್ಬಿನ ಹಾಗೆ ನಾಲಿಗೆಯ ಮೇಲೆ ಜಾರುತ್ತದೆ. ಬಿಸ್ಕತ್ತಿನವರು, ಐಸ್‌ಕ್ರೀಮಿನವರು ಅದನ್ನು ಕೊಳ್ಳುತ್ತಾರೆ. ಅದನ್ನೇ ಸ್ವಲ್ಪ ಬದಲಿಸಿ ಮುಖದ ಕ್ರೀಮಿನವರೂ ಕೊಳ್ಳುತ್ತಾರೆ. ಕೊಬ್ಬಿಲ್ಲದೆ ಕೊಬ್ಬಿನ ಸುಖ ಕೊಡುವುದು, ಅಷ್ಟೇ ನಮ್ಮ ಕಸುಬು.

ಅಪ್ಪನ ಕಸುಬು ಇದಕ್ಕೆ ತದ್ವಿರುದ್ಧ. ರಾಮನಗರದಲ್ಲಿ ಹಳೇ ಮೈಸೂರು ರಸ್ತೆಯ ಬದಿಗೆ ಅಪ್ಪನ ತಟ್ಟೆ ಇಡ್ಲಿ ಹೋಟೆಲ್. ನಾಲ್ಕು ಮೇಜು, ನಿಂತು ತಿನ್ನುವವರಿಗೆ ಹೊರಗೊಂದು ಕಲ್ಲುಚಪ್ಪಡಿ, ಹಿಂದುಗಡೆಯೇ ನಮ್ಮ ಮನೆ. ಮಾರ್ಕೆಟ್ಟಿಗೆ ರೇಷ್ಮೆ ಗೂಡು ತರುವ ರೈತರು, ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಇವರೇ ಗಿರಾಕಿಗಳು. ಹೊಸ ರಸ್ತೆ ಊರಾಚೆಯಿಂದ ಹೋದ ಮೇಲೆ ಕಾರಿನವರು ಬರುವುದು ನಿಂತುಹೋಯಿತು. ಗೂಡಿನವರು ಮಾತ್ರ ಬಿಡಲಿಲ್ಲ. ಅವರು ಬರುತ್ತಿದ್ದದ್ದು ಇಡ್ಲಿಗಲ್ಲ, ಇಡ್ಲಿಯ ಮೇಲೆ ಅಪ್ಪ ಹಾಕುತ್ತಿದ್ದ ಬೆಣ್ಣೆಗೆ.

ಮಾಗಡಿ ಕಡೆಯಿಂದ ಒಬ್ಬಾಕೆ ವಾರಕ್ಕೆ ಎರಡು ಸಲ ಎಮ್ಮೆ ಬೆಣ್ಣೆ ತಂದುಕೊಡುತ್ತಿದ್ದಳು. ಬಂದ ಕೂಡಲೇ ಅವ್ವ ಅದನ್ನು ಉಂಡೆ ಮಾಡಿ, ತಣ್ಣೀರು ತುಂಬಿದ ಪಾತ್ರೆಗೆ ಬಿಡುತ್ತಿದ್ದಳು. ಬೆಳ್ಳನೆಯ ಉಂಡೆಗಳು ಮೇಲೆ ತೇಲುತ್ತಿದ್ದವು. ನೀರಿನಲ್ಲಿದ್ದರೆ ಬೆಣ್ಣೆ ಕಂಪು ಕೆಡುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಬದಲಾಯಿಸಬೇಕು. ಅವ್ವನಿಗೆ ಅದನ್ನು ಅವಳ ಅತ್ತೆ ಕಲಿಸಿದ್ದು. ಮನೆಗೆ ಫ್ರಿಜ್ ಬಂದ ಮೇಲೂ ಆ ಪದ್ಧತಿ ಹೋಗಲಿಲ್ಲ, ಪಾತ್ರೆ ನೀರಿನ ಸಮೇತ ಫ್ರಿಜ್ಜಿನೊಳಗೆ ಹೋಯಿತು, ಅಷ್ಟೇ.

ಅಪ್ಪನದೊಂದು ನಿಯಮವಿತ್ತು. ಬೆಳಗಿನ ಮೊದಲನೇ ಒಬ್ಬೆ ಇಳಿಸಿದ ಕೂಡಲೇ ಮೊದಲ ಇಡ್ಲಿ ಅವನದು. ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದ. ಇಡ್ಲಿಯ ನಡುವೆ ನಿಂಬೆಗಾತ್ರದ ಬೆಣ್ಣೆ ಇಟ್ಟು, ಅದು ಅಂಚಿನಿಂದ ಕರಗಿ ಇಡ್ಲಿಯ ತೂತುಗಳಿಗೆ ಇಳಿಯುವ ತನಕ ನೋಡುತ್ತಿದ್ದ. ಆಮೇಲೆ ಒಂದು ತುತ್ತು. ಕಣ್ಣು ಮುಚ್ಚಿ ತೆಗೆದು, ‘ಹಾಕ್ರಪ್ಪ’ ಅಂದರೆ ಹೋಟೆಲ್ ಶುರು. ತಾನು ತಿಂದು ನೋಡದ್ದನ್ನು ಇನ್ನೊಬ್ಬರ ತಟ್ಟೆಗೆ ಹಾಕಬಾರದು ಅನ್ನುವುದು ಅವನ ಹಟ. ಆ ‘ಹಾಕ್ರಪ್ಪ’ ಕೇಳಿಸಿದ ಮೇಲೇ ನಾನು ಸ್ಕೂಲಿಗೆ ಜಡೆ ಹಾಕಿಸಿಕೊಳ್ಳುತ್ತಿದ್ದದ್ದು.

ಅಂಥವನಿಗೆ ಹೊಟ್ಟೆ ನೋವು ಬಂತು. ಬೆನ್ನಿಗೆ ಹಾಯುವ ನೋವು, ಬಗ್ಗಿದವನು ಏಳಲಿಲ್ಲ. ಪ್ಯಾಂಕ್ರಿಯಾಸ್ ಊದಿದೆ ಅಂದರು ಡಾಕ್ಟರು. ಕಾರಣ ರಕ್ತದಲ್ಲಿನ ಕೊಬ್ಬು. ನಮಗೆ ಅರ್ಥವಾಗಲಿ ಅಂತ ಅಪ್ಪನಿಂದ ತೆಗೆದ ರಕ್ತದ ಕೊಳವೆಯನ್ನೇ ತೋರಿಸಿದರು. ಮೇಲ್ಗಡೆ ಬೆಳ್ಳಗೆ ಕೆನೆ ಕಟ್ಟಿತ್ತು.

‘ನೋಡವ್ವಾ, ಅಲ್ಲೂ ಬೆಣ್ಣೆನೇ ತೇಲ್ತೈತೆ’ ಅಂದ ಅಪ್ಪ, ಮಂಚದ ಮೇಲೆ ಮಲಗಿಕೊಂಡು. ನನಗೆ ನಗು ಬರಲಿಲ್ಲ. ಇನ್ನು ಮೇಲೆ ಬೆಣ್ಣೆ, ತುಪ್ಪ, ಕರಿದದ್ದು ಯಾವುದೂ ಇಲ್ಲ, ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿರುವುದಿಲ್ಲ ಅಂತ ಡಾಕ್ಟರು ಬೆರಳೆತ್ತಿ ಹೇಳಿದ್ದರು.

ಮನೆಗೆ ಬಂದ ಮೇಲೆ ಹೋಟೆಲ್ ನಡೆಯಿತು, ನಿಯಮ ನಡೆಯಲಿಲ್ಲ. ಮೊದಲ ಇಡ್ಲಿ ಅವ್ವ ತಿನ್ನಬೇಕಾಯಿತು. ಅಷ್ಟು ವರ್ಷದಲ್ಲಿ ಗಿರಾಕಿಗಿಂತ ಮುಂಚೆ ಬಾಯಿಗೆ ನೀರು ಕೂಡ ಹಾಕಿದವಳಲ್ಲ ಅವಳು. ಸಂಕೋಚದಿಂದ ಗೋಡೆಯ ಕಡೆ ತಿರುಗಿ ತಿನ್ನುತ್ತಿದ್ದಳು. ಅಪ್ಪ ಅವಳ ಮುಖವನ್ನೇ ನೋಡುತ್ತ, ‘ಹೆಂಗೈತೆ? ಬೆಣ್ಣೆ ಹೆಂಗೈತೆ? ಹೇಳೇ’ ಅನ್ನುತ್ತಿದ್ದ.

‘ಇರೋ ಹಂಗೇ ಐತೆ.’

‘ಅಂಗಂದ್ರೆ?’

‘ಬೆಣ್ಣೆ ಬೆಣ್ಣೆ ಥರಾನೇ ಐತೆ. ಇನ್ನೇನ್ ಹೇಳ್ಲಿ ನಾನು?’

ಅಪ್ಪ ತಲೆ ತಗ್ಗಿಸಿ ‘ಹಾಕ್ರಪ್ಪ’ ಅನ್ನುತ್ತಿದ್ದ. ಆ ದನಿಯಲ್ಲಿ ಜೀವ ಇರುತ್ತಿರಲಿಲ್ಲ. ಅಪ್ಪನ ಹಳೇ ಗೆಳೆಯ, ಗೂಡು ಬಿಚ್ಚುವ ಒಬ್ಬರು ಸಾಬರು, ಒಂದು ದಿನ ನನ್ನನ್ನು ಆಚೆ ಕರೆದು ಹೇಳಿದರು: ‘ನಿಮ್ಮಪ್ಪ ಒಳಗೇ ಸೊರಗೋಗ್ತಾ ಅವ್ನಮ್ಮ. ನೀನು ಅದೇನೋ ಡೂಪ್ಲಿಕೇಟ್ ಬೆಣ್ಣೆ ಮಾಡ್ತೀಯಂತಲ್ಲ. ಒಸಿ ತಂದ್ಕೊಡಬಾರ್ದಾ?’

ನಾಚಿಕೆಯಾಯಿತು ನನಗೆ. ಊರಿನ ಬಿಸ್ಕತ್ತಿಗೆಲ್ಲ ಮಾಡಿಕೊಡುವವಳು ಹೆತ್ತ ಅಪ್ಪನಿಗೆ ಯಾಕೆ ಮಾಡಬಾರದು? ಮೇಲಿನವರನ್ನು ಒಪ್ಪಿಸಿದೆ. ಹೇಗಿದ್ದರೂ ಕಂಪನಿಗೂ ಬ್ರೆಡ್ಡಿಗೆ ಸವರುವಂಥದ್ದೊಂದು ಬೇಕಾಗಿತ್ತು. ಹುಣಸೆ ಬೀಜದ ಗೋಂದು, ರಾಗಿಯ ಪಿಷ್ಟ, ಒಂದಿಷ್ಟು ಪಾಚಿ. ಅಪ್ಪನ ಮೊದಲ ಇಡ್ಲಿಯನ್ನು ಅಪ್ಪನಿಗೆ ವಾಪಸ್ ಕೊಡಬೇಕು, ಅದೊಂದೇ ನನ್ನ ತಲೆಯಲ್ಲಿ.

ಬಿಡದಿಯಲ್ಲೇ ರೂಮು ಮಾಡಿಕೊಂಡಿದ್ದೆ, ರಜಾ ಇದ್ದದ್ದು ಭಾನುವಾರ ಮಾತ್ರ. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಚಿಕ್ಕ ಡಬ್ಬಿಯಲ್ಲಿ ಒಂದು ಸ್ಯಾಂಪಲ್ ಹಿಡಿದು ರಾಮನಗರಕ್ಕೆ ಹೋಗುತ್ತಿದ್ದೆ. ಮೊದಲನೆಯದನ್ನು ಬಿಸಿ ಇಡ್ಲಿಯ ಮೇಲೆ ಇಟ್ಟರೆ ಕರಗಲೇ ಇಲ್ಲ, ಟೋಪಿಯ ಹಾಗೆ ಕೂತಿತ್ತು. ಅಪ್ಪ ಸುತ್ತಲೂ ಬಗ್ಗಿ ನೋಡಿದ.

‘ಏನ್ ಹಾಕಿದ್ದೀಯವ್ವಾ ಇದಕ್ಕೆ?’

‘ಹುಣಸೆ ಬೀಜ.’

‘ಥೂ, ಸಿನಿಮಾ ಪೋಸ್ಟರ್ ಅಂಟಿಸೋ ಗೋಂದು! ಅದ್ನ ತಂದು ನನ್ ಇಡ್ಲಿಗೆ ಮೆತ್ತಿದ್ದೀಯಾ?’

ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಅದರದೊಂದು ಚೂರು ಹಾಕಿದ. ಸೀದಾ ತಳಕ್ಕಿಳಿಯಿತು. ‘ನೋಡು, ಮುಳುಗ್ತು. ಬೆಣ್ಣೆ ಮುಳುಗಲ್ಲ ಕಣವ್ವಾ. ತೇಲ್ತದೆ.’

‘ಅದರಲ್ಲಿ ಇರೋದೇ ನೀರು, ಮುಳುಗ್ದೆ ಏನಾಗುತ್ತೆ? ತಿನ್ನೋಕೆ ಮಾಡಿರೋದು, ಈಜೋಕಲ್ಲ’ ಅಂತ ನಾನು ರೇಗಿದೆ. ಅಪ್ಪ ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕ. ರೇಗಿದ್ದು ಸಾರ್ಥಕವಾಯಿತು ಅನ್ನಿಸಿತು ನನಗೆ.

ಕೆಟ್ಟುಹೋದ ಸ್ಯಾಂಪಲ್ಲುಗಳೆಲ್ಲ ಅವ್ವನ ಪಾಲು. ಹಿಟ್ಟು ರುಬ್ಬಿ, ಪಾತ್ರೆ ಬೆಳಗಿ ಬಿರಿದ ಕೈಗೆ ಸವರಿಕೊಂಡು, ‘ಕೈ ಮೆತ್ತಗಾಯ್ತದೆ ಕಣೆ, ಚೆನ್ನಾಗೈತೆ’ ಅನ್ನುತ್ತಿದ್ದಳು. ‘ಕೈಗ್ ಚೆನ್ನಾಗೈತಂತೆ, ಇನ್ ಬಾಯಿಗೊಂದು ಮಾಡ್ಕೊಂಡ್ ಬಾ’ ಅಂತ ಅಪ್ಪ ಛೇಡಿಸುತ್ತಿದ್ದ. ಕರಗಿದರೆ ಅಂಟುತ್ತಿತ್ತು, ಅಂಟದಿದ್ದರೆ ಮರಳು ಮರಳಾಗುತ್ತಿತ್ತು, ಎರಡೂ ಸರಿಹೋದರೆ ಕಂಪು ಇರುತ್ತಿರಲಿಲ್ಲ. ಪ್ರತಿಯೊಂದಕ್ಕೂ ಅಪ್ಪ ಹೇಳಿದ ಮಾತನ್ನು ಹಾಗೆ ಹಾಗೇ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹನ್ನೆರಡು: ‘ಸೋಪಿನಂಗೈತೆ.’ ಹತ್ತೊಂಬತ್ತು: ‘ಒಸಿ ಪರವಾಗಿಲ್ಲ, ಆಮೇಲೆ ಗಂಟ್ಲಲ್ಲಿ ನಿಲ್ತದೆ.’ ಇಪ್ಪತ್ತಾರು: ‘ಇದ್ನ ನಿಮ್ಮವ್ವನ ಹಿಮ್ಮಡಿಗೆ ಕೊಡು.’

ಮೂವತ್ತೊಂದನೆಯದು ಲ್ಯಾಬಿನಲ್ಲೇ ನನಗೆ ಹಿಡಿಸಿತು. ನೋಡಲು ಎಮ್ಮೆ ಬೆಣ್ಣೆಯೇ. ಆ ಭಾನುವಾರ ಅಪ್ಪ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, ‘ಹತ್ರಕ್ ಬಂದೈತೆ. ಇನ್ನೂ ಏನೋ ಒಂದಿಲ್ಲ’ ಅಂದ.

‘ವಾರ ತಿನ್ನು ಅಪ್ಪ, ನಾಲಿಗೆಗೆ ಒಗ್ಗುತ್ತೆ’ ಅಂದು, ಅದೇ ಮೊದಲ ಸಲ, ವಾರಕ್ಕಾಗುವಷ್ಟು ದೊಡ್ಡ ಡಬ್ಬಿಯನ್ನೇ ಅವ್ವನ ಕೈಗೆ ಕೊಟ್ಟೆ. ಡಬ್ಬಿಯ ಮೇಲೆ 31 ಅಂತ ಬರೆದಿತ್ತು. ಬೇರೇನೂ ಬರೆದಿರಲಿಲ್ಲ. ಲ್ಯಾಬಿನಲ್ಲಾದರೆ ಒಂದು ಚಮಚ ಸ್ಯಾಂಪಲ್ಲಿಗೂ ನಾನು ಚೀಟಿ ಅಂಟಿಸುತ್ತೇನೆ: ಎಲ್ಲಿಡಬೇಕು, ಎಷ್ಟು ದಿನ, ಏನು ಮಾಡಬಾರದು. ಅಂಟಿಸದವರ ಮೇಲೆ ಹಾರಾಡುತ್ತೇನೆ. ಅವ್ವನಿಗೇನು ಚೀಟಿ, ಹುಟ್ಟಿದಾಗಿನಿಂದ ಬೆಣ್ಣೆ ನೋಡಿಕೊಂಡು ಬಂದವಳಿಗೆ ಅಂತ ಸುಮ್ಮನೆ ಹೊರಟುಬಂದೆ.

ಸೋಮವಾರ ಬೆಳಿಗ್ಗೆ ಫೋನ್ ಬಂತು. ಅಪ್ಪ ತಾನಾಗಿ ಫೋನ್ ಮಾಡುವವನಲ್ಲ. ಗಾಬರಿಯಾಗಿ ಎತ್ತಿದರೆ, ‘ಇವತ್ ಬಂತ್ ನೋಡವ್ವಾ! ಇದೇ ಕಣವ್ವಾ! ಎರಡ್ ಇಡ್ಲಿ ತಿಂದ್ಬುಟ್ಟೆ’ ಅಂದ. ಹಿಂದುಗಡೆ ತಟ್ಟೆಗಳ ಸದ್ದು. ಫೋನು ಕೆಳಗಿಡುವ ಮುಂಚೆ, ಒಳಗಿನವರಿಗೆ ಅವನು ಕೂಗಿದ್ದು ನನಗೆ ಕೇಳಿಸಿತು: ‘ಹಾಕ್ರಪ್ಪಾ!’ ಸ್ಕೂಲಿನ ದಿನಗಳ ಅದೇ ದನಿ. ನಾನು ರೂಮಿನಲ್ಲಿ ಒಬ್ಬಳೇ ನಿಂತು ಅತ್ತೆ.

ಭಾನುವಾರ ಬಾರದ್ದು ಸೋಮವಾರ ಹೇಗೆ ಬಂತು? ಅದಕ್ಕೂ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಒಂದು ದಿನ ಇಟ್ಟದ್ದರಿಂದ ಗೋಂದು ನೀರನ್ನು ಇನ್ನೂ ಚೆನ್ನಾಗಿ ಹಿಡಿದುಕೊಂಡಿದೆ, ಅದಕ್ಕೇ ಹದ ಬಂದಿದೆ ಅಂತ ನನಗೆ ನಾನೇ ಪಾಠ ಹೇಳಿಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಮೂವತ್ತೊಂದು. ಅಪ್ಪ: ಇವತ್ ಬಂತು. ಒಂದು ದಿನ ಇಟ್ಟು ಕೊಡಬೇಕು.’ ಕೆಳಗೆ ಎರಡು ಗೆರೆ ಎಳೆದೆ. ಮಂಗಳವಾರ, ಬುಧವಾರ, ಗುರುವಾರವೂ ಫೋನ್ ಬಂತು. ನಾಲ್ಕು ದಿನ ನನ್ನಷ್ಟು ಸುಖಿ ಇಡೀ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದ್ದು ಅವ್ವ. ಅಪ್ಪ ಒಲೆಯ ಪಕ್ಕವೇ ಕುಸಿದಿದ್ದ. ಅದೇ ನೋವು, ಬೆನ್ನಿಗೆ ಹಾಯುವ ನೋವು. ನಾನು ಆಸ್ಪತ್ರೆಗೆ ಓಡಿದಾಗ ಡಾಕ್ಟರು ಅವ್ವನನ್ನು ವಿಚಾರಿಸುತ್ತಿದ್ದರು: ‘ಕೊಬ್ಬಿನ ಪದಾರ್ಥ ಏನಾದರೂ ತಿಂದಿದ್ದರಾ?’

ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ನಾನು ಮಧ್ಯೆ ನುಗ್ಗಿದೆ. ‘ಒಂದು ತೊಟ್ಟೂ ಇಲ್ಲ ಡಾಕ್ಟ್ರೇ. ನಾನೇ ಇಂಥದರ ಮೇಲೆ ಕೆಲಸ ಮಾಡೋಳು. ಇವರು ತಿಂದಿದ್ದು ನಾನೇ ಮಾಡಿದ್ದು, ಅದರಲ್ಲಿ ಕೊಬ್ಬೇ ಇಲ್ಲ.’ ಏನು ಠೀವಿ ನನ್ನದು! ಡಾಕ್ಟರು ಹಾಗೇ ಬರೆದುಕೊಂಡರು. ಅವ್ವ ನನ್ನ ಮುಖ ನೋಡಿದಳು, ನೆಲ ನೋಡಿದಳು. ಗಾಬರಿಗೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ.

ಆವತ್ತು ಸಂಜೆ ಅಪ್ಪನಿಗೆ ಸ್ವಲ್ಪ ಎಚ್ಚರವಿತ್ತು. ನನ್ನದೇ ತಪ್ಪಿರಬಹುದು, ಗೋಂದಿನಲ್ಲೇ ಏನೋ ಆಗಿರಬಹುದು ಅಂತ ನಾನು ಅವನ ಕೈ ಹಿಡಿದು ಬಡಬಡಿಸುತ್ತಿದ್ದೆ. ಅಪ್ಪ ತಲೆಯಾಡಿಸಿದ. ‘ನಿನ್ ಬೆಣ್ಣೆದೇನೂ ತಪ್ಪಿಲ್ಲ ಕಣವ್ವಾ. ದೇವ್ರಾಣೆ ಇಲ್ಲ. ಅದ್ನ ಬುಟ್ಬುಡಬ್ಯಾಡ.’ ಆಮೇಲೆ ಅವ್ವನ ಕಡೆ ಕಣ್ಣು ತಿರುಗಿಸಿ, ‘ಅವಳನ್ನ ಬಯ್ಯಬ್ಯಾಡ’ ಅಂದ. ಜ್ವರದ ಬಾಯಿಗೆ ಏನೋ ಬಂತು ಅಂತ ನಾನು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಸೋಮವಾರ ಮಧ್ಯಾಹ್ನ ಅಪ್ಪ ಹೋಗಿಬಿಟ್ಟ.

ನಮ್ಮ ಕಡೆ ಮಣ್ಣಾದ ಮೂರನೇ ದಿನ ಹಾಲುತುಪ್ಪ ಬಿಡುತ್ತಾರೆ. ಸಮಾಧಿಯ ಮೇಲೆ ಹಾಲು, ತುಪ್ಪ ಎರೆದು, ಸತ್ತವರಿಗೆ ಇಷ್ಟವಾದ ತಿಂಡಿಯ ಎಡೆ ಇಡುತ್ತಾರೆ. ಅಪ್ಪನಿಗೆ ಏನಿಡಬೇಕು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಸಾಬರೇ ಒಲೆ ಹಚ್ಚಿ, ಒಂದು ಒಬ್ಬೆ ಇಡ್ಲಿ ಬೇಯಿಸಿ ಇಳಿಸಿ ಆರಲು ಬಿಟ್ಟಿದ್ದರು. ನಾನು ಫ್ರಿಜ್ಜಿನಿಂದ 31ರ ಡಬ್ಬಿ ತೆಗೆದೆ. ತಳದಲ್ಲಿ ಸ್ವಲ್ಪ ಉಳಿದಿತ್ತು. ಅವನನ್ನು ನಾಲ್ಕು ದಿನ ನಗಿಸಿದ್ದು ನನ್ನ ಬೆಣ್ಣೆ, ಅದನ್ನೇ ಇಡುತ್ತೇನೆ ಅನ್ನುವ ಹಟ ನನಗೆ. ಚಮಚದಿಂದ ಕೆರೆದು ಇಡ್ಲಿಗೆ ಹಾಕಿ, ಚಮಚವನ್ನು ಪಕ್ಕದಲ್ಲಿದ್ದ ಚೊಂಬಿನ ನೀರಿಗೆ ಅದ್ದಿದೆ.

ಚಮಚದಿಂದ ಒಂದು ಚೂರು ಬಿಟ್ಟುಕೊಂಡು ಮೇಲೆ ಬಂತು. ತೇಲಿತು.

ಬೆರಳಿನಿಂದ ಒತ್ತಿ ಮುಳುಗಿಸಿದೆ. ಮತ್ತೆ ಮೇಲೆ ಬಂತು. ಬೆರಳು ಜಿಡ್ಡಾಯಿತು. ನಾನು ಮಾಡಿದ್ದು ಯಾವುದೂ ತೇಲುವುದಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ. ‘ನಾನೇ ಕಣವ್ವಾ’ ಅಂದಳು.

ಅವಳು ಹೇಳಿದ್ದಿಷ್ಟು. ಆ ಭಾನುವಾರ ನಾನು ಹೊರಟ ಮೇಲೆ, ಮಗಳು ಕಷ್ಟಪಟ್ಟು ಮಾಡಿದ್ದು ಕೆಡಬಾರದು ಅಂತ, ಡಬ್ಬಿಯಲ್ಲಿದ್ದದ್ದನ್ನೆಲ್ಲ ಎಂದಿನ ಹಾಗೆ ಉಂಡೆ ಮಾಡಿ ತಣ್ಣೀರಿಗೆ ಬಿಟ್ಟಿದ್ದಾಳೆ. ಬೆಳಿಗ್ಗೆ ನೋಡಿದರೆ ಉಂಡೆಯಿಲ್ಲ, ಪಾತ್ರೆ ತುಂಬ ಗಂಜಿ. ‘ತಿಂಗಳಾನುಗಟ್ಲೆ ಒದ್ದಾಡಿ ಮಾಡಿದ್ಯಲ್ಲ, ಒಂದೇ ರಾತ್ರೀಲಿ ನೀರ್ ಪಾಲು ಮಾಡ್ಬುಟ್ಟೆ. ನಿಂಗೆ ಹೆಂಗ್ ಹೇಳೋದು? ನಿನ್ ಕ್ವಾಪ ನಂಗೊತ್ತಿಲ್ವಾ? ಒಂದಿನಕ್ಕೆ ಏನಾಯ್ತದೆ ಅಂತ ಹೋಟ್ಲು ಬೆಣ್ಣೇನೇ ಒಸಿ ಆ ಡಬ್ಬಿಗ್ ಹಾಕ್ದೆ. ತಿಂದು ಆ ಮನುಷ್ಯನ ಮಕ ಅರಳಿದ್ದು ನೋಡ್ಬೇಕಾಗಿತ್ತು ನೀನು. ಮಾರ್ನೇ ದಿನ ತಪ್ಪಿಸೋಕೆ ನನ್ ಕೈಲಾಗ್ಲಿಲ್ಲ.’

ಅಪ್ಪನನ್ನು ಕಳೆದುಕೊಂಡು ಮೂರು ದಿನವಾಗಿತ್ತು. ನನ್ನ ಬಾಯಿಂದ ಬಂದ ಮಾತು ಇದು: ‘ನೀನೇ ಕೊಂದೆ ಅವನನ್ನ.’ ಒಲೆಯ ಹತ್ತಿರ ಸಾಬರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಆಚೆ ಹೋದರು.

ಅವ್ವ ಅಳಲಿಲ್ಲ. ತಿರುಗಿ ಬಯ್ಯಲೂ ಇಲ್ಲ. ಚಿಕ್ಕ ಮಗು ಕೇಳುವ ಹಾಗೆ ಕೇಳಿದಳು: ‘ನೀರಿಗ್ ಹಾಕ್ಬಾರ್ದು ಅಂತ ನೀನ್ ಹೇಳ್ಲೇ ಇಲ್ವಲ್ಲವ್ವಾ.’

ಹೇಳಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ. ‘ಅಪ್ಪನಿಗೆ ಗೊತ್ತಾಗಲಿಲ್ವಾ?’ ಅಂದೆ.

‘ಹುಡುಗನಾಗಿದ್ದಾಗ್ಲಿಂದ ಬೆಣ್ಣೆ ಹಾಕಿದ ಕೈ ಅವರ್ದು. ಗೊತ್ತಾಗ್ದೆ ಇರ್ತದಾ? ಸೋಮ್ವಾರ ಮೊದಲ್ನೇ ತುತ್ತಿಗೇ ನನ್ ಮಕ ನೋಡಿದ್ರು. ನಾನು ತಲೆ ತಗ್ಸಿದೆ. ಏನೂ ಕೇಳ್ಲಿಲ್ಲ. ಇನ್ನೊಂದ್ ಇಡ್ಲಿ ಹಾಕು ಅಂದ್ರು. ಆಮೇಲೆ ನಿಂಗ್ ಫೋನ್ ಮಾಡಿದ್ರು.’

ಅಂದರೆ ಅವನು ನನಗೆ ಸುಳ್ಳು ಹೇಳಿದ್ದ. ಅವ್ವನನ್ನು ನನ್ನ ಬಾಯಿಂದ ಕಾಪಾಡಲು ಹೇಳಿದನೋ, ನನ್ನ ಮನಸ್ಸು ಮುರಿಯಬಾರದು ಅಂತ ಹೇಳಿದನೋ, ಇಲ್ಲ ಆ ಬೆಣ್ಣೆಯ ಆಸೆಗೇ ಹೇಳಿದನೋ. ಬಹುಶಃ ಮೂರಕ್ಕೂ. ಆ ನಾಲ್ಕು ದಿನದಿಂದಲೇ ಹೀಗಾಯಿತು ಅಂತ ಹೇಳಲಾಗದು, ಅಂಥ ಕಾಯಿಲೆ ಸುಮ್ಮನಿದ್ದರೂ ಮರುಕಳಿಸಬಹುದು ಅಂತ ಆಮೇಲೆ ಡಾಕ್ಟರು ಹೇಳಿದರು. ಒಳ್ಳೆಯ ಮನುಷ್ಯ. ನನಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಆ ಇಡ್ಲಿಯನ್ನೇ ಎಡೆ ಇಟ್ಟೆವು. ಬಿಸಿಲು ಏರಿತ್ತು. ಬೆಣ್ಣೆ ಅಂಚಿನಿಂದ ಕರಗಿ ಇಡ್ಲಿಯ ತೂತುಗಳಿಗೆ ಇಳಿಯುವುದನ್ನು ನಾನು ಅವ್ವನ ಪಕ್ಕ ನಿಂತು ನೋಡಿದೆ. ಅವ್ವ ನನ್ನ ಕೈ ಹಿಡಿದುಕೊಂಡಳು. ನನ್ನ ಕೆಟ್ಟುಹೋದ ಸ್ಯಾಂಪಲ್ಲುಗಳನ್ನೆಲ್ಲ ತಿಕ್ಕಿಕೊಂಡು ಅವಳ ಅಂಗೈ ನಿಜಕ್ಕೂ ಮೆತ್ತಗಾಗಿತ್ತು. ಆಡಿದ ಮಾತಿಗೆ ಕ್ಷಮಿಸು ಅನ್ನಬೇಕಾಗಿತ್ತು. ಇವತ್ತಿನವರೆಗೂ ಅಂದಿಲ್ಲ.

ಕಂಪನಿಯವರಿಗೆ ಮೂವತ್ತೊಂದು ಬಹಳ ಹಿಡಿಸಿತು. ಈಗ ಅದು ಅಂಗಡಿಗಳಿಗೂ ಹೋಗುತ್ತದೆ, ಡಯಟ್ ಮಾಡುವವರು ಬ್ರೆಡ್ಡಿಗೆ ಸವರಿಕೊಳ್ಳುತ್ತಾರೆ. ನೋಟ್‌ಬುಕ್ಕಿನ ‘ಇವತ್ ಬಂತು’ ಅನ್ನುವ ಆ ಸಾಲನ್ನು ಹೊಡೆದುಹಾಕಬೇಕು ಅಂತ ಎಷ್ಟೋ ಸಲ ಪೆನ್ನು ಎತ್ತಿದ್ದೇನೆ. ಅಪ್ಪ ಹೇಳಿದ್ದು ಅಂತ ಬಿಟ್ಟಿದ್ದೇನೆ.

ಡಬ್ಬಿಯ ಮೇಲಿನ ಬರಹವನ್ನು ಅಂತಿಮ ಮಾಡುವಾಗ ಒಂದು ಸಾಲು ಸೇರಿಸಿ ಅಂತ ಕೂತೆ. ‘ನೀರಿನಲ್ಲಿ ಹಾಕಿಡಬೇಡಿ’ ಅಂತ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಪ್ಯಾಕಿಂಗ್‌ನವರಿಗೆ ನಗು. ಈ ಕಾಲದಲ್ಲಿ ಬೆಣ್ಣೆಯನ್ನು ಯಾರು ಮೇಡಂ ನೀರಿಗೆ ಹಾಕ್ತಾರೆ, ಜಾಗ ದಂಡ ಅಂದರು. ನಾನು ಸಿಡುಕಲಿಲ್ಲ. ನಮ್ಮವ್ವ ಹಾಕ್ತಾಳೆ, ಇರಲಿ ಬಿಡಿ ಅಂದೆ.